ಆಶ್ರಯ: ದಯೆಯೋ, ಹಕ್ಕೋ?

ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಆ ನೆಪದಲ್ಲಿ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ನಿರಾಶ್ರಿತರ ಬಗ್ಗೆ ಒಂದು ಪಾಠ ಮಾಡಿದೆ. ಪಠ್ಯದಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ, ಪರೀಕ್ಷೆಗೆ ಬರುವುದೂ ಅಪರೂಪ. ಆದರೂ ಅವತ್ತು ಯಾರೂ ಗಡಿಯಾರ ನೋಡಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ಕೇಳಿದ: "ಮೇಡಂ, ಬೈಲುಕುಪ್ಪೆಯಲ್ಲಿ ಟಿಬೆಟಿನವರಿಗೆ ಸಾವಿರಾರು ಎಕರೆ ಕೊಟ್ಟರು. ರೋಹಿಂಗ್ಯಾಗಳನ್ನ ಮಾತ್ರ ವಾಪಸ್ ಕಳಿಸಿ ಅಂತಾರೆ. ಮುಸ್ಲಿಮರು ಅಂತಲಾ?" ಅವನು ಕೂರುವ ಮೊದಲೇ ಒಬ್ಬ ಹುಡುಗಿ ಎದ್ದಳು: "ಮೇಡಂ, ನಮ್ಮಪ್ಪ ಸೈಟಿಗೆ ಅರ್ಜಿ ಹಾಕಿ ಎಷ್ಟೋ ವರ್ಷ ಆಯ್ತು. ನಮ್ಮವರಿಗೇ ಇಲ್ಲ, ಹೊರಗಿನವರಿಗೆ ಯಾಕೆ?" ಅಷ್ಟರಲ್ಲಿ ಗಂಟೆ ಹೊಡೆಯಿತು. ಎರಡೂ ಒಳ್ಳೆಯ ಪ್ರಶ್ನೆಗಳು. ಐದು ನಿಮಿಷದಲ್ಲಿ ಉತ್ತರಿಸಿ ಮುಗಿಸುವಂಥವಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಕನ್ನಡದಲ್ಲಿ "ನಿರಾಶ್ರಿತ" ಎಂದರೆ ಎಲ್ಲವೂ ಆಗಿಬಿಟ್ಟಿದೆ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಊರು ಮುಳುಗಿದವರನ್ನೂ ನಿರಾಶ್ರಿತರು ಎನ್ನುತ್ತೇವೆ. ಭಿಕ್ಷುಕರನ್ನು ಇರಿಸುವ ಸರ್ಕಾರಿ ಕೇಂದ್ರದ ಹೆಸರೂ ನಿರಾಶ್ರಿತರ ಪರಿಹಾರ ಕೇಂದ್ರ. ಆದರೆ ಅಂತರರಾಷ್ಟ್ರೀಯ ಕಾನೂನಿನಲ್ಲಿ ಈ ಪದಕ್ಕೆ ಕಟ್ಟುನಿಟ್ಟಾದ ಅರ್ಥವಿದೆ. 1951ರ ನಿರಾಶ್ರಿತರ ಒಪ್ಪಂದದ ಪ್ರಕಾರ, ತನ್ನ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳವಾಗುತ್ತದೆ ಎಂಬ ಆಧಾರವುಳ್ಳ ಭಯದಿಂದ ತನ್ನ ದೇಶದ ಹೊರಗಿರುವವನು ನಿರಾಶ್ರಿತ. ಮಂಗಳೂರಿನಿಂದ ದುಬೈಗೆ ಕೆಲಸಕ್ಕೆ ಹೋದವನು ವಲಸಿಗ. "ನನ್ನನ್ನು ಕಾಪಾಡಿ" ಎಂದು ಇನ್ನೊಂದು ದೇಶವನ್ನು ಕೇಳಿ, ತೀರ್ಮಾನಕ್ಕೆ ಕಾಯುತ್ತಿರುವವನು ಆಶ್ರಯ ಕೋರುವವನು. ಅವನ ಮಾತು ನಿಜವೆಂದು ವಿಚಾರಣೆಯಲ್ಲಿ ಒಪ್ಪಿತವಾದರೆ ಅವನು ನಿರಾಶ್ರಿತ. ವಿಚಾರಣೆ ಎಂಬ ಪದದ ಕೆಳಗೆ ಒಂದು ಗೆರೆ ಎಳೆದುಕೊಳ್ಳಿ. ಈ ಲೇಖನದ ತಿರುಳು ಅಲ್ಲೇ ಇದೆ.

ಆ ಒಪ್ಪಂದದ 33ನೇ ವಿಧಿ ಎಲ್ಲಕ್ಕಿಂತ ಮುಖ್ಯ: ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಅಪಾಯವಿರುವ ಜಾಗಕ್ಕೆ ನಿರಾಶ್ರಿತನನ್ನು ಮರಳಿ ತಳ್ಳಬಾರದು. ಭಾರತ 1951ರ ಒಪ್ಪಂದಕ್ಕೂ ಸಹಿ ಹಾಕಿಲ್ಲ, 1967ರ ಅದರ ಪೂರಕ ಒಡಂಬಡಿಕೆಗೂ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ಇಲ್ಲ. ಬಹುಕಾಲ ಎಲ್ಲ ಪರದೇಶಿಯರಿಗೂ ಅನ್ವಯವಾಗುತ್ತಿದ್ದದ್ದು ಬ್ರಿಟಿಷರ ಕಾಲದ 1946ರ ವಿದೇಶಿಯರ ಕಾಯ್ದೆ. ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಜೀವ ಉಳಿಸಿಕೊಳ್ಳಲು ಓಡಿ ಬಂದವನಿಗೂ ವೀಸಾ ಮುಗಿದ ಮೇಲೆ ಉಳಿದ ಪ್ರವಾಸಿಗನಿಗೂ ಹಳೆಯ ಕಾಯ್ದೆ ವ್ಯತ್ಯಾಸ ಮಾಡುತ್ತಿರಲಿಲ್ಲ. ಹೊಸದೂ ನಿರಾಶ್ರಿತ ಎಂಬ ಪ್ರತ್ಯೇಕ ವರ್ಗವನ್ನು ಗುರುತಿಸಿಲ್ಲ. ಬದಲಿಗೆ ಸರ್ಕಾರ ಆದೇಶ ಹೊರಡಿಸಿ ಕೆಲವರಿಗೆ ವಿನಾಯಿತಿ ಕೊಡುತ್ತದೆ. ನೋಂದಣಿಯಾದ ಟಿಬೆಟನ್ನರು, ನೋಂದಣಿಯಾದ ಶ್ರೀಲಂಕಾ ತಮಿಳರು, ಪಾಕಿಸ್ತಾನ, ಬಾಂಗ್ಲಾದೇಶ ಮತ್ತು ಅಫ್ಘಾನಿಸ್ತಾನದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಹೀಗೆ ವಿನಾಯಿತಿ ಪಡೆದವರು. ವಿನಾಯಿತಿಗೂ ಹಕ್ಕಿಗೂ ಅಂತರವಿದೆ. ವಿನಾಯಿತಿಯನ್ನು ಕೊಟ್ಟ ಕೈಯೇ ಹಿಂದಕ್ಕೆ ತೆಗೆದುಕೊಳ್ಳಬಹುದು.

ಹಾಗಾದರೆ ಸಂವಿಧಾನ? ಅದರಲ್ಲಿ ಒಂದು ಸೂಕ್ಷ್ಮವಿದೆ. ಮೂರನೇ ಭಾಗವನ್ನು ತೆಗೆದು ನೋಡಿ. 19ನೇ ವಿಧಿ "ನಾಗರಿಕರಿಗೆ" ಎನ್ನುತ್ತದೆ. 14 ಮತ್ತು 21ನೇ ವಿಧಿಗಳು "ಯಾವುದೇ ವ್ಯಕ್ತಿ" ಎನ್ನುತ್ತವೆ. ಅಂದರೆ ಮತ, ವಾಕ್ ಸ್ವಾತಂತ್ರ್ಯ, ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ನಾಗರಿಕರಿಗೆ. ಜೀವ, ದೈಹಿಕ ಸ್ವಾತಂತ್ರ್ಯ, ಕಾನೂನಿನ ಮುಂದೆ ಸಮಾನತೆ ಈ ನೆಲದ ಮೇಲೆ ನಿಂತಿರುವ ಎಲ್ಲರಿಗೂ. ಈ ಎರಡು ಪದಗಳ ನಡುವಿನ ಸಂದಿಯಲ್ಲೇ ಭಾರತದ ನಿರಾಶ್ರಿತರ ವಕಾಲತ್ತೆಲ್ಲ ನಡೆದಿದೆ.

ಈಗ ಬೈಲುಕುಪ್ಪೆಗೆ ಬರೋಣ. ನಮ್ಮಲ್ಲಿ ಹಲವರು ಕುಶಾಲನಗರದ ಕಡೆ ಪ್ರವಾಸ ಹೋದಾಗ ಅಲ್ಲಿನ ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡಿದ್ದೀರಿ. ದಲೈ ಲಾಮಾ ಅವರು 1959ರ ಮಾರ್ಚ್ 31ರಂದು ತವಾಂಗ್ ಕಡೆಯಿಂದ ಭಾರತದ ಗಡಿ ದಾಟಿದರು. ಅವರ ಹಿಂದೆ ಸಾವಿರಾರು ಜನ ಬಂದರು. ಅವರನ್ನು ಎಲ್ಲಿ ನೆಲೆಗೊಳಿಸುವುದು ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ ಉದಾರವಾಗಿ ಮುಂದೆ ಬಂದದ್ದು ಅಂದಿನ ಮೈಸೂರು ರಾಜ್ಯ. ಎಸ್. ನಿಜಲಿಂಗಪ್ಪನವರನ್ನು ದಲೈ ಲಾಮಾ ಅವರು ಕೃತಜ್ಞತೆಯಿಂದ ಹಲವು ಬಾರಿ ನೆನೆದಿದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು 3,000 ಎಕರೆ ಕಾಡು ಭೂಮಿ ಸಿಕ್ಕಿತು. ಹಿಮದ ನಾಡಿನವರು ಇಲ್ಲಿನ ಸೆಕೆಯಲ್ಲಿ ಕಾಡು ಕಡಿದು, ಆನೆಗಳ ಹಾವಳಿ ತಾಳಿಕೊಂಡು ಮುಸುಕಿನ ಜೋಳ ಬೆಳೆದರು. ಬೈಲುಕುಪ್ಪೆಯಲ್ಲಿ ಎರಡು, ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಬಳಿ ಒಂದೊಂದು, ಹೀಗೆ ಕರ್ನಾಟಕದಲ್ಲಿ ಐದು ಟಿಬೆಟನ್ ನೆಲೆಗಳಿವೆ. ಚಳಿಗಾಲದಲ್ಲಿ ನಮ್ಮ ಕಡೆಯ ಊರುಗಳಲ್ಲಿ ಸ್ವೆಟರ್ ರಾಶಿ ಹಾಕಿಕೊಂಡು ಕೂರುವವರಲ್ಲಿ ಬಹಳ ಜನ ಇಲ್ಲಿಂದ ಬಂದವರೇ. ಅವರಲ್ಲಿ ಕೆಲವರ ಕನ್ನಡ ನಮ್ಮ ಕೆಲವು ವಿದ್ಯಾರ್ಥಿಗಳ ಕನ್ನಡಕ್ಕಿಂತ ಚೆನ್ನಾಗಿದೆ. ಯಾರನ್ನು ಹೇಳುತ್ತಿದ್ದೇನೆಂದು ನಿಮಗೇ ಗೊತ್ತು.

ಆದರೆ ಹುಡುಗ ಹೇಳಿದ "ಕೊಟ್ಟರು" ಎಂಬ ಮಾತಿಗೆ ಒಂದು ತಿದ್ದುಪಡಿ ಬೇಕು. ಆ ಭೂಮಿ ಅವರ ಹೆಸರಿನಲ್ಲಿಲ್ಲ, ಗುತ್ತಿಗೆಯದು. ಇಲ್ಲೇ ಹುಟ್ಟಿದ ಮಕ್ಕಳೂ ನೋಂದಣಿ ಪತ್ರ ಇಟ್ಟುಕೊಂಡು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಗುರುತಿನ ಪ್ರಮಾಣಪತ್ರ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಬೇಕಾಯಿತು. ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದ್ದನ್ನು ಪಡೆಯಲು ಕೋರ್ಟಿಗೆ ಹೋಗಬೇಕಾಯಿತು ಎನ್ನುವುದನ್ನು ಗಮನಿಸಿ. ಅತ್ಯಂತ ಚೆನ್ನಾಗಿ ನೋಡಿಕೊಂಡ ನಿರಾಶ್ರಿತರ ಸ್ಥಿತಿಯೇ ಇದು.

ಇನ್ನು ವಿದೇಶಾಂಗ ನೀತಿ. 1954ರ ಒಪ್ಪಂದದಲ್ಲಿಯೇ ಭಾರತ "ಚೀನಾದ ಟಿಬೆಟ್ ಪ್ರದೇಶ" ಎಂಬ ಮಾತನ್ನು ಒಪ್ಪಿತ್ತು. ಪಂಚಶೀಲ ಎಂದು ನೀವು ಓದುವುದು ಅದೇ ಒಪ್ಪಂದದ ಪೀಠಿಕೆಯಿಂದ ಬಂದದ್ದು. ಟಿಬೆಟ್ ಬಗ್ಗೆ 1959ರಲ್ಲಿ ವಿಶ್ವಸಂಸ್ಥೆಯಲ್ಲಿ ನಿರ್ಣಯ ಬಂದಾಗ ಭಾರತ ಮತ ಹಾಕದೆ ತಟಸ್ಥವಾಗಿ ಉಳಿಯಿತು. 1965ರಲ್ಲಿ ಪರವಾಗಿ ಮತ ಹಾಕಿತು. ನಡುವೆ 1962ರ ಯುದ್ಧ ಆಗಿತ್ತು, ಕಾರಣ ಊಹಿಸಬಹುದು. ಮತ ಹೀಗೆ ಬದಲಾದರೂ ಬೈಲುಕುಪ್ಪೆಯವರನ್ನು ಯಾರೂ ಎಬ್ಬಿಸಲಿಲ್ಲ. ಒಬ್ಬನಿಗೆ ಆಶ್ರಯ ಕೊಡುವುದು ಶಾಂತಿಯುತ ಮಾನವೀಯ ಕೆಲಸ, ಅದನ್ನು ಬೇರೆ ದೇಶ ಶತ್ರುತ್ವವೆಂದು ಎಣಿಸಬಾರದು ಎಂದು ವಿಶ್ವಸಂಸ್ಥೆಯ ಮಹಾಸಭೆ 1967ರಲ್ಲಿ ಘೋಷಿಸಿದೆ. ಭಾರತ ಅದಕ್ಕೂ ಮೊದಲೇ ಅದನ್ನು ಮಾಡಿ ತೋರಿಸಿತ್ತು. ನೆರೆಯ ದೇಶದೊಂದಿಗೆ ಸಂಬಂಧ ಇಟ್ಟುಕೊಂಡೇ ಅಲ್ಲಿಂದ ಓಡಿ ಬಂದವನನ್ನು ಕಾಪಾಡಬಹುದು.

ಇದು ಹೊಸ ವಿಷಯವೂ ಅಲ್ಲ. ಬೇಲೂರು, ಹಳೇಬೀಡಿಗೆ ನಾವು ಎಷ್ಟು ಸಲ ಹೋಗಿಲ್ಲ! ಚೋಳ ಅರಸನ ಕಿರುಕುಳದಿಂದ ಶ್ರೀರಂಗ ಬಿಟ್ಟು ಬಂದ ರಾಮಾನುಜಾಚಾರ್ಯರಿಗೆ ಹೊಯ್ಸಳ ಬಿಟ್ಟಿದೇವ ಆಶ್ರಯ ಕೊಟ್ಟನೆಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ ಕಟ್ಟಿಸಿದ ವಿಷ್ಣುವರ್ಧನ ಇವನೇ, ದೇವಾಲಯದ ಕಾಲ 1117. ಅದೇ ಆಸುಪಾಸಿನಲ್ಲಿ ಅವನು ಚೋಳರಿಂದ ತಲಕಾಡನ್ನು ಗೆದ್ದು "ತಲಕಾಡುಗೊಂಡ" ಎನಿಸಿಕೊಂಡಿದ್ದ. ಎದುರಾಳಿ ಓಡಿಸಿದವನನ್ನು ಬರಮಾಡಿಕೊಳ್ಳುವುದು ಅರಸನಿಗೆ ಅನುಕೂಲವೇ ಅಲ್ಲವೇ? ಭಕ್ತಿ ಎಷ್ಟು, ರಾಜಕೀಯ ಎಷ್ಟು ಎಂದು ತೂಗುವುದು ಕಷ್ಟ. ಇನ್ನೊಂದು ಕಥೆ ನಿಮ್ಮಲ್ಲಿ ಹಲವರು ಮದ್ರಸಾದಲ್ಲಿ ಕೇಳಿದ್ದೀರಿ. ಮಕ್ಕಾದ ಕಿರುಕುಳ ತಾಳಲಾರದೆ ಮುಸ್ಲಿಮರ ಮೊದಲ ತಂಡ ಹಬಶಾಗೆ, ಅಂದರೆ ಇಂದಿನ ಇಥಿಯೋಪಿಯಾ ಕಡೆಗೆ ಹೋಯಿತು. ಖುರೈಷರು ಉಡುಗೊರೆಗಳೊಂದಿಗೆ ರಾಯಭಾರಿಗಳನ್ನು ಕಳಿಸಿ "ನಮ್ಮವರನ್ನು ನಮಗೆ ಒಪ್ಪಿಸಿ" ಎಂದು ಕೇಳಿದರು. ಕ್ರೈಸ್ತ ದೊರೆ ನಜ್ಜಾಶಿ ಅವರ ಮಾತು ಕೇಳಿ ಕೂಡಲೇ ಒಪ್ಪಿಸಲಿಲ್ಲ. ಬಂದವರನ್ನು ಕರೆಸಿದ, ಜಾಫರ್ ಬಿನ್ ಅಬೀ ತಾಲಿಬ್ ಅವರು ತಮ್ಮ ಕಡೆಯ ಮಾತು ಹೇಳಿದರು, ಆಮೇಲೆ ತೀರ್ಮಾನಿಸಿದ. ಉಡುಗೊರೆ ವಾಪಸ್ ಹೋಯಿತು. ಇದನ್ನು ನಾವು ಔದಾರ್ಯದ ಕಥೆಯಾಗಿ ಹೇಳುತ್ತೇವೆ. ರಾಜ್ಯಶಾಸ್ತ್ರದ ಕಣ್ಣಿಗೆ ಇದು ವಿಚಾರಣೆಯ ಕಥೆ.

ಈಗ ಮೊದಲ ಪ್ರಶ್ನೆ. ಮ್ಯಾನ್ಮಾರ್ 1982ರ ಪೌರತ್ವ ಕಾನೂನಿನಿಂದ ರೋಹಿಂಗ್ಯಾಗಳನ್ನು ಹೊರಗಿಟ್ಟಿತು. 2017ರ ಆಗಸ್ಟ್‌ನಿಂದ ನಡೆದ ಸೇನಾ ಕಾರ್ಯಾಚರಣೆಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶಕ್ಕೆ ಓಡಿದರು. ಭಾರತದಲ್ಲಿ ಸುಮಾರು 40 ಸಾವಿರ ಇದ್ದಾರೆಂದು ಆ ವರ್ಷ ಕೇಂದ್ರ ಸರ್ಕಾರ ಅಂದಾಜು ಹೇಳಿತು, ಅವರನ್ನು ಅಕ್ರಮ ವಲಸಿಗರೆಂದು ಕರೆಯಿತು. ಕರ್ನಾಟಕದ ಲೆಕ್ಕ ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. 2021ರಲ್ಲಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದ ಪ್ರಕಾರ ಬೆಂಗಳೂರು ನಗರದಲ್ಲಿ ಗುರುತಿಸಲಾದ ರೋಹಿಂಗ್ಯಾಗಳು 72 ಜನ. ಬೇರೆ ಬೇರೆ ಕೆಲಸಗಳಲ್ಲಿದ್ದಾರೆ, ಅವರನ್ನು ಕೂಡಲೇ ಗಡೀಪಾರು ಮಾಡುವ ಯೋಚನೆಯಿಲ್ಲ ಎಂದು ಮೊದಲು ಹೇಳಿತು. ಸ್ವಲ್ಪ ದಿನದಲ್ಲೇ ಅದನ್ನು ಬದಲಿಸಿ, ಕೋರ್ಟ್ ಏನು ಹೇಳುತ್ತದೋ ಅದನ್ನು ಪಾಲಿಸುತ್ತೇವೆ ಎಂದಿತು. ಮೊಬೈಲಿನಲ್ಲಿ ಬರುವ ಫಾರ್ವರ್ಡ್‌ಗಳನ್ನು ಓದಿದರೆ ಲಕ್ಷಾಂತರ ಜನ ಬಂದು ಕೂತಿದ್ದಾರೆ ಎನಿಸುತ್ತದೆ. ಸರ್ಕಾರವೇ ಕೋರ್ಟಿಗೆ ಕೊಟ್ಟ ಬೆಂಗಳೂರಿನ ಸಂಖ್ಯೆ ನಮ್ಮ ಕಾಲೇಜಿನ ಒಂದು ತರಗತಿಯಷ್ಟು.

ಮುಸ್ಲಿಮರು ಎಂಬ ಕಾರಣಕ್ಕಾ? ಒಂದೇ ಮಾತಿನಲ್ಲಿ ಹೌದು ಎಂದರೂ ಅರ್ಧ ಉತ್ತರ, ಅಲ್ಲ ಎಂದರೂ ಅರ್ಧ ಉತ್ತರ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶಗಳ ಆರು ಧರ್ಮಗಳನ್ನು ಹೆಸರಿಸಿದೆ, ಅದರಲ್ಲಿ ಇಸ್ಲಾಂ ಇಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆ ಮೂರೂ ದೇಶಗಳಲ್ಲಿ ಮುಸ್ಲಿಮರು ಬಹುಸಂಖ್ಯಾತರು, ಧರ್ಮದ ಕಾರಣಕ್ಕೆ ಕಿರುಕುಳ ಅನುಭವಿಸಿದ ಅಲ್ಪಸಂಖ್ಯಾತರಿಗಾಗಿ ಈ ಕಾಯ್ದೆ ಎಂಬುದು ಸರ್ಕಾರದ ವಾದ. ಆದರೆ ಶ್ರೀಲಂಕಾದ ಹಿಂದೂ ತಮಿಳರೂ ಆ ಪಟ್ಟಿಯಲ್ಲಿಲ್ಲ, ಚೀನಾದಿಂದ ಬಂದ ಬೌದ್ಧ ಟಿಬೆಟನ್ನರೂ ಇಲ್ಲ. ಇನ್ನೊಂದು ಉದಾಹರಣೆ ನೋಡಿ. 2021ರ ಫೆಬ್ರುವರಿಯಲ್ಲಿ ಮ್ಯಾನ್ಮಾರ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಬಹುಪಾಲು ಕ್ರೈಸ್ತರಾದ ಚಿನ್ ಜನ ಮಿಜೋರಾಂಗೆ ಬಂದರು. ಅವರನ್ನು ತಡೆಯಿರಿ ಎಂದು ಕೇಂದ್ರ ಗೃಹ ಸಚಿವಾಲಯ ಈಶಾನ್ಯ ರಾಜ್ಯಗಳಿಗೆ ಪತ್ರ ಬರೆಯಿತು. ಇವರು ನಮ್ಮ ರಕ್ತಸಂಬಂಧಿಗಳು, ದೂಡಲಾಗದು ಎಂದು ಮಿಜೋರಾಂ ಮುಖ್ಯಮಂತ್ರಿ ಜೋರಂಥಂಗಾ ಪ್ರಧಾನಿಗೇ ಬರೆದರು. ಮ್ಯಾನ್ಮಾರ್‌ನೊಂದಿಗೆ ನಮಗೆ ಉದ್ದದ ಗಡಿಯಿದೆ, ಅಲ್ಲಿನ ಸಿತ್ವೆ ಬಂದರಿನ ಮೂಲಕ ಈಶಾನ್ಯಕ್ಕೆ ದಾರಿ ಮಾಡುವ ಕಲಾದಾನ್ ಯೋಜನೆಯಿದೆ. ಸಿತ್ವೆ ಇರುವುದು ರೋಹಿಂಗ್ಯಾಗಳು ಓಡಿ ಬಂದ ಅದೇ ರಖೈನ್ ಪ್ರಾಂತ್ಯದಲ್ಲಿ. ಅಲ್ಲಿಯ ಆಡಳಿತವನ್ನು ಎದುರು ಹಾಕಿಕೊಳ್ಳಲು ದೆಹಲಿಗೆ ಇಷ್ಟವಿಲ್ಲ. ಹೀಗೆ ಧರ್ಮ, ಗಡಿ, ವ್ಯಾಪಾರ, ಚುನಾವಣೆ ಎಲ್ಲ ಬೆರೆತಿದೆ. ನನ್ನ ಆಕ್ಷೇಪ ಇರುವುದು ಬೆರಕೆಯ ಬಗ್ಗೆಯೇ. ಒಬ್ಬ ಮನುಷ್ಯನನ್ನು ಸಾವಿನ ಬಾಯಿಗೆ ಕಳಿಸಬೇಕೋ ಬೇಡವೋ ಎನ್ನುವ ತೀರ್ಮಾನದಲ್ಲಿ ಬಂದರಿನ ಲೆಕ್ಕ ಬರಬಾರದು.

ಸರ್ಕಾರದ ವಾದವನ್ನೂ ನ್ಯಾಯವಾಗಿ ಇಡಬೇಕು. ಭದ್ರತೆಯ ಭಯವಿದೆ, ನಾವು ಒಪ್ಪಂದಕ್ಕೆ ಸಹಿ ಹಾಕಿಲ್ಲ, ಯಾರು ಒಳಗೆ ಬರಬೇಕೆಂಬುದು ಸಾರ್ವಭೌಮ ದೇಶದ ಅಧಿಕಾರ ಎಂದು ಅದು ಕೋರ್ಟಿನಲ್ಲಿ ಹೇಳಿದೆ. 2021ರ ಏಪ್ರಿಲ್ 8ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬಹುಮಟ್ಟಿಗೆ ಇದನ್ನು ಒಪ್ಪಿತು. 14 ಮತ್ತು 21 ಎಲ್ಲರಿಗೂ ಉಂಟು, ಆದರೆ ಗಡೀಪಾರಾಗದೆ ಉಳಿಯುವ ಹಕ್ಕು 19ನೇ ವಿಧಿಯ ನೆಲೆಸುವ ಹಕ್ಕಿಗೆ ಸೇರಿದ್ದು, ಅದು ನಾಗರಿಕರದು ಎಂದಿತು. ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳನ್ನು ಬಿಡಿಸಲಿಲ್ಲ. ನಿಗದಿತ ಕ್ರಮ ಪಾಲಿಸದೆ ಗಡೀಪಾರು ಮಾಡಬಾರದು ಎಂದಷ್ಟೇ ಹೇಳಿತು. ಇದು ನನಗೆ ಒಪ್ಪಿಗೆಯಾದ ಆದೇಶವಲ್ಲ. ಒಬ್ಬನನ್ನು ಕೊಲ್ಲುವವನ ಕೈಗೆ ಒಪ್ಪಿಸುವುದು ಅವನ ವಾಸದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ, ಹಾಗಾಗಿ 21ನೇ ವಿಧಿಗೆ ಸೇರಬೇಕು ಎಂಬುದು ನನ್ನ ತಿಳಿವಳಿಕೆ. ಕೆಲವೇ ವಾರಗಳಲ್ಲಿ, ಮೇ 3ರಂದು, ಮಣಿಪುರ ಹೈಕೋರ್ಟ್ ಹೀಗೆಯೇ ಯೋಚಿಸಿತು. ವಕೀಲೆ ನಂದಿತಾ ಹಕ್ಸರ್ ಅವರ ಅರ್ಜಿಯ ಮೇಲೆ ಮ್ಯಾನ್ಮಾರ್‌ನ ಏಳು ಜನರಿಗೆ ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಕಚೇರಿಗೆ ಹೋಗಲು ಸುರಕ್ಷಿತ ದಾರಿ ಮಾಡಿಕೊಟ್ಟಿತು. ಅವರಲ್ಲಿ ಪತ್ರಕರ್ತರೂ ಮಕ್ಕಳೂ ಇದ್ದರು. ಭದ್ರತೆಯ ಭಯಕ್ಕೆ ಉತ್ತರ 1951ರ ಒಪ್ಪಂದದಲ್ಲೇ ಇದೆ: ಯುದ್ಧಾಪರಾಧ ಮಾಡಿದವನಿಗೆ ನಿರಾಶ್ರಿತನೆಂಬ ಸ್ಥಾನವೇ ಇಲ್ಲ, ಆಶ್ರಯ ಕೊಟ್ಟ ದೇಶಕ್ಕೆ ಅಪಾಯವಾದವನಿಗೆ 33ನೇ ವಿಧಿಯ ರಕ್ಷಣೆ ಇಲ್ಲ. ಆದರೆ ಅವನು ಅಪಾಯಕಾರಿ ಎಂದು ಒಬ್ಬೊಬ್ಬನನ್ನೇ ವಿಚಾರಿಸಿ ತಿಳಿಯಬೇಕು. ಇಡೀ ಸಮುದಾಯಕ್ಕೆ ಒಂದೇ ಮುದ್ರೆ ಒತ್ತಲಾಗದು.

ಎರಡನೇ ಪ್ರಶ್ನೆ, ಸೈಟಿನದು. ಆ ಹುಡುಗಿಯ ಮಾತಿನಲ್ಲಿ ದ್ವೇಷವಿರಲಿಲ್ಲ, ಮನೆಯ ಕಷ್ಟವಿತ್ತು. ನಾನು ಹೇಳುವುದು ಇಷ್ಟು. ಬೈಲುಕುಪ್ಪೆಯಂಥ ವ್ಯವಸ್ಥೆ ಎಲ್ಲ ನಿರಾಶ್ರಿತರಿಗೂ ಸಿಗಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆ 72 ಜನ ಯಾರ ಸೈಟನ್ನೂ ಕೇಳಿಲ್ಲ, ದುಡಿದು ಬಾಡಿಗೆ ಕಟ್ಟಿ ಬದುಕುವವರು. ಇಲ್ಲಿರುವ ಪ್ರಶ್ನೆ ಅವರನ್ನು ಅಪಾಯಕ್ಕೆ ಕಳಿಸಬೇಡಿ ಎಂಬುದು ಮಾತ್ರ. ಅಪ್ಪನ ಅರ್ಜಿ ಯಾಕೆ ನಿಂತಿದೆ ಎಂದು ತಿಳಿಯಲು ಮಾಹಿತಿ ಹಕ್ಕು ಕಾಯ್ದೆಯಿದೆ, ಸ್ಟಾಫ್ ರೂಮಿಗೆ ಬಂದರೆ ಇಬ್ಬರೂ ಕೂತು ಬರೆಯೋಣ. ದೇಶ ದೊಡ್ಡ ಹೊರೆ ಹೊತ್ತ ಕಾಲವೂ ಇದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಬಂದರು. ಆ ನವೆಂಬರ್‌ನಿಂದ ಪತ್ರಗಳಿಗೆ ಐದು ಪೈಸೆಯ ನಿರಾಶ್ರಿತರ ಪರಿಹಾರದ ಅಂಚೆಚೀಟಿ ಹೆಚ್ಚುವರಿಯಾಗಿ ಅಂಟಿಸಬೇಕಿತ್ತು. ನಿಮ್ಮ ತಾತಂದಿರನ್ನು ಕೇಳಿ, ನೆನಪಿರಬಹುದು. ಅದೇ ಸಮಯದಲ್ಲಿ ಇಂದಿರಾ ಗಾಂಧಿಯವರು ಪಾಶ್ಚಾತ್ಯ ರಾಜಧಾನಿಗಳಿಗೆ ಹೋಗಿ, ಇವರು ಸುರಕ್ಷಿತವಾಗಿ ಮನೆಗೆ ಮರಳುವಂತಾಗಬೇಕು ಎಂದು ಒತ್ತಾಯಿಸಿದರು. ನಿರಾಶ್ರಿತರನ್ನು ಕಾಪಾಡುವುದೂ, ಅವರನ್ನು ಓಡಿಸಿದ ಕಾರಣವನ್ನು ವಿದೇಶಾಂಗ ನೀತಿಯಿಂದ ಸರಿಪಡಿಸುವುದೂ ಒಟ್ಟಿಗೆ ನಡೆಯಬೇಕಾದ ಕೆಲಸಗಳು. ಬಾಗಿಲು ಬಡಿಯುವ ಸರದಿ ನಮಗೂ ಬಂದಿದೆ. 1990ರಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿ ಸಿಕ್ಕಿಕೊಂಡ ಭಾರತೀಯರಲ್ಲಿ ಕರ್ನಾಟಕದವರೂ ಇದ್ದರು. ಜೋರ್ಡಾನ್ ತನ್ನ ಗಡಿ ತೆರೆಯಿತು, ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು 1 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದವು. ಅವರು ನಿರಾಶ್ರಿತರಲ್ಲ, ಅವರಿಗೆ ಮರಳಲು ದೇಶವಿತ್ತು. ಆದರೆ ನಡುವಿನ ದೇಶ ಬಾಗಿಲು ಹಾಕಿದ್ದರೆ?

ಮಾನವ ಹಕ್ಕುಗಳ ಪರ ಕೆಲಸ ಎಂದರೆ ಘೋಷಣೆ ಕೂಗುವುದು ಎಂದು ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ಗೆದ್ದ ಒಂದು ಪ್ರಕರಣ ಹೇಗೆ ನಡೆಯಿತು ನೋಡಿ. ಕಪ್ತಾಯ್ ಅಣೆಕಟ್ಟಿನಿಂದ ಮನೆ ಕಳೆದುಕೊಂಡ, ಕಿರುಕುಳಕ್ಕೂ ಒಳಗಾದ ಚಕ್ಮಾ ಬುಡಕಟ್ಟಿನವರು 1964ರಿಂದ ಈಗಿನ ಅರುಣಾಚಲ ಪ್ರದೇಶಕ್ಕೆ ಬಂದಿದ್ದರು. ಮೂವತ್ತು ವರ್ಷದ ನಂತರ ಅಲ್ಲಿನ ವಿದ್ಯಾರ್ಥಿ ಸಂಘಟನೆಯೊಂದು (ಹೌದು, ವಿದ್ಯಾರ್ಥಿಗಳೇ) ಗಡುವು ಕೊಟ್ಟು ಜಾಗ ಖಾಲಿ ಮಾಡಿ ಎಂದಿತು. 1994ರಲ್ಲಿ ಪಿಯುಸಿಎಲ್ ಸಂಸ್ಥೆ ಇದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಗಮನಕ್ಕೆ ತಂದಿತು. ಆಯೋಗ ಹುಟ್ಟಿ ಆಗ ಒಂದು ವರ್ಷವಷ್ಟೇ. ಅದು ರಾಜ್ಯಕ್ಕೆ ಬರೆಯಿತು, ಮತ್ತೆ ಬರೆಯಿತು, ಸರಿಯಾದ ಉತ್ತರ ಬಾರದಿದ್ದಾಗ ತಾನೇ ಅರ್ಜಿದಾರನಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿ 9ರಂದು ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ ಅವರ ಪೀಠ ತೀರ್ಪು ಕೊಟ್ಟಿತು: ರಾಜ್ಯದಲ್ಲಿರುವ ಪ್ರತಿಯೊಬ್ಬ ಚಕ್ಮಾನ ಜೀವ ಮತ್ತು ಸ್ವಾತಂತ್ರ್ಯವನ್ನು ರಾಜ್ಯ ಕಾಪಾಡಬೇಕು, ಅವರ ಪೌರತ್ವದ ಅರ್ಜಿಗಳನ್ನು ತಡೆಹಿಡಿಯದೆ ಮುಂದೆ ಕಳಿಸಬೇಕು. ಸುಮಾರು 65 ಸಾವಿರ ಜನರ ಪ್ರಶ್ನೆ ಅದು. ಎಲ್ಲ ಶುರುವಾದದ್ದು ಒಂದು ಪತ್ರದಿಂದ.

ಅಂಥ ಪತ್ರ ನೀವೂ ಬರೆಯಬಹುದು. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಡ, ತೊಂದರೆಗೆ ಒಳಗಾದವರೇ ಬರೆಯಬೇಕೆಂದಿಲ್ಲ. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಬರೆಯಬಹುದು, ಅಂದರೆ ಕನ್ನಡದಲ್ಲಿಯೂ ಸರಿ, ಉರ್ದುವಿನಲ್ಲಿಯೂ ಸರಿ. ಘಟನೆ ನಡೆದು ಒಂದು ವರ್ಷದೊಳಗೆ ಕೊಡಬೇಕು. ಏನಾಯಿತು, ಎಲ್ಲಿ, ಯಾವ ದಿನ, ಯಾವ ಅಧಿಕಾರಿಯಿಂದ, ನಿಮ್ಮ ಕೋರಿಕೆಯೇನು, ಇಷ್ಟು ಇದ್ದರೆ ಸಾಕು. ವಿಶೇಷಣಗಳು ಬೇಡ. "ಅಮಾನುಷ", "ಘೋರ" ಎಂದು ಬರೆಯುವ ಜಾಗದಲ್ಲಿ ಒಂದು ದಿನಾಂಕ ಬರೆದರೆ ಪತ್ರದ ತೂಕ ಹೆಚ್ಚುತ್ತದೆ. ಕಾನೂನೇ ಬೇಕೆಂದು ಕೇಳುವವರು ಸಂಸದರಿಗೂ ಬರೆಯಬಹುದು. ಶಶಿ ತರೂರ್ ಅವರು ಲೋಕಸಭೆಯಲ್ಲಿ ಆಶ್ರಯದ ಬಗ್ಗೆ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ, ಆದರೆ ಒಬ್ಬೊಬ್ಬರನ್ನೂ ವಿಚಾರಿಸುವ ಕ್ರಮ ಹೇಗಿರಬೇಕೆಂದು ಒಂದು ಕರಡು ಅಲ್ಲಿದೆ.

ಶನಿವಾರದ ಚರ್ಚಾಕೂಟಕ್ಕೆ ವಿಷಯ ಇದೇ: ಭಾರತಕ್ಕೆ ನಿರಾಶ್ರಿತರ ಕಾಯ್ದೆ ಬೇಕೇ? ಬೇಕು ಎನ್ನುವವರು ಬೇಡವೆಂದೂ, ಬೇಡ ಎನ್ನುವವರು ಬೇಕೆಂದೂ ವಾದಿಸಬೇಕು. ಹಿಂದಿನ ಬೆಂಚಿನ ಹುಡುಗನಿಗೆ ಗೃಹ ಸಚಿವಾಲಯದ ವಕೀಲನ ಪಾತ್ರ, ಸೈಟಿನ ಪ್ರಶ್ನೆ ಕೇಳಿದ ಹುಡುಗಿಗೆ ಆಯೋಗದ ವಕೀಲೆಯ ಪಾತ್ರ ಈಗಾಗಲೇ ಕೊಟ್ಟಾಗಿದೆ. ಚಕ್ಮಾ ತೀರ್ಪಿನ ಪ್ರತಿ ಗ್ರಂಥಾಲಯದಲ್ಲಿದೆ. ಇಂಗ್ಲಿಷಿನಲ್ಲಿದೆ ಎಂದು ಹೆದರಬೇಡಿ, ಚಿಕ್ಕ ತೀರ್ಪು. ತಿಳಿಯದ ಪದಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ತನ್ನಿ, ಪೆನ್ನಿನಲ್ಲಿ ಬೇಡ.